ಸೋದರಮಾವನ ಮನೆಯ ಬಿಟ್‌ಕಾಯಿನ್ ಮುಯ್ಯಿ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ನಿರಾಳವಾಗಿ ಹೇಳಬಹುದು. ಅರಸೀಕೆರೆಯ ಬಸ್ ನಿಲ್ದಾಣದ ಎದುರು, ಬೇಕರಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಹಿಡಿದು ಆದಾಯ ತೆರಿಗೆಯ ರಿಟರ್ನ್ ಬರೆದುಕೊಡುವವಳು ನಾನು. ಕಾಗದ ನೋಡದೆ ಒಂದು ಅಂಕಿಯನ್ನೂ ಬರೆಯಬಾರದು ಎಂದು ಬಂದವರಿಗೆಲ್ಲ ಉಪದೇಶ ಮಾಡುತ್ತೇನೆ. ಅಂಥ ನಾನೇ ಮದುವೆಮನೆಯ ಮೈಕಿನಲ್ಲಿ ಕೇಳಿದ ಮಾತನ್ನು ನಂಬಿ ಸರ್ಕಾರಕ್ಕೆ ಉತ್ತರ ಬರೆದುಬಿಟ್ಟೆ.

ಮದುವೆ ನಡೆದದ್ದು ಹಳೇಬೀಡಿನ ಒಂದು ಛತ್ರದಲ್ಲಿ. ಹೆಣ್ಣಿನ ತಾಯಿ ನನ್ನ ಶಾಲೆಯ ಗೆಳತಿ. ಹುಡುಗಿ ಫಿಸಿಯೋಥೆರಪಿ ಓದಿ, ಬೇಲೂರಿನಲ್ಲಿ ಸ್ವಂತ ಚಿಕಿತ್ಸಾ ಕೇಂದ್ರ ತೆರೆಯಬೇಕೆಂದು ಹಟ ತೊಟ್ಟಿದ್ದಳು. ನಮ್ಮ ಕಡೆ ಧಾರೆ ಮುಗಿದ ಮೇಲೆ ನೆಂಟರು ಕೊಡುವ ಮುಯ್ಯಿಯನ್ನು ಮೈಕಿನಲ್ಲಿ ಕೂಗುವ ರೂಢಿ ಇನ್ನೂ ಇದೆ. ಆವತ್ತು ಕೂಗಿದವರು ಊರಿನ ನಿವೃತ್ತ ಮೇಷ್ಟ್ರು. ಅವರ ಗಂಟಲಿಗೆ ಮೈಕೇ ಬೇಕಿಲ್ಲ, ಆದರೂ ಹಿಡಿದುಕೊಳ್ಳುತ್ತಾರೆ. ಮೊದಲ ಮುಯ್ಯಿ ಸೋದರಮಾವನದು. ಮೇಷ್ಟ್ರು ಚೀಟಿ ನೋಡಿದರು, ಕನ್ನಡಕ ಏರಿಸಿದರು, ಮತ್ತೆ ನೋಡಿದರು. ಬಾಣಾವರದ ಸೋದರಮಾವನ ಹೆಸರು ಹಿಡಿದು, "ಹೆಣ್ಣಿಗೆ ಬಿಟ್‌ಕಾಯಿನ್, ಸೊನ್ನೆ ಬಿಂದು ಒಂದು!" ಎಂದು ಕೂಗಿದರು.

ಪಂಕ್ತಿಯಿಂದ ಯಾರೋ, "ಸೊನ್ನೆ ಮುಯ್ಯಿ ಮಾಡ್ದೋನು ಇವ್ನೇ ಮೊದ್ಲು ಕಣ್ಲಾ" ಎಂದರು. ಛತ್ರ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆ ಸೊನ್ನೆ ಬಿಂದು ಒಂದು ಆವತ್ತಿನ ಬೆಲೆಗೆ ಒಂದು ದಪ್ಪ ಚಿನ್ನದ ಸರಕ್ಕೆ ಸಮ ಎಂಬುದು ಅಲ್ಲಿ ನಾಲ್ಕೈದು ಜನರಿಗಷ್ಟೇ ಗೊತ್ತಿತ್ತು.

ಮದುವೆಯಾದ ವರ್ಷವೇ, ಮಾರ್ಚ್ ತಿಂಗಳಲ್ಲಿ, ಬೆಲೆ ಏರಿದ್ದನ್ನು ನೋಡಿ ಹುಡುಗಿ ಅದನ್ನು ಮಾರಿದಳು. ಆ ಹಣದಲ್ಲಿ ಚಿಕಿತ್ಸೆಯ ಯಂತ್ರಗಳನ್ನು ತಂದು ಬೇಲೂರಿನಲ್ಲಿ ಬಾಗಿಲು ತೆರೆದಳು. ತೆರಿಗೆಗೆ ನನ್ನ ಬಳಿ ಬಂದಳು.

ನಮ್ಮ ದೇಶ ಈ ಕ್ರಿಪ್ಟೋ ಎಂಬುದನ್ನು ಹಣ ಎಂದು ಒಪ್ಪುವುದಿಲ್ಲ, ಬೇಡ ಎಂದು ಓಡಿಸುವುದೂ ಇಲ್ಲ. 'ವರ್ಚುವಲ್ ಡಿಜಿಟಲ್ ಆಸ್ತಿ' ಎಂದು ಹೆಸರಿಟ್ಟು ಎರಡು ಸಾವಿರದ ಇಪ್ಪತ್ತೆರಡರ ಬಜೆಟ್‌ನಲ್ಲಿ ಲಗಾಮು ಹಾಕಿತು. ಮಾರಿ ಲಾಭ ಬಂದರೆ ನೂರಕ್ಕೆ ಮೂವತ್ತು ತೆರಿಗೆ. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಮುರಿದುಕೊಳ್ಳುವಂತಿಲ್ಲ. ಮಾರುವಾಗಲೇ ನೂರಕ್ಕೆ ಒಂದು ರೂಪಾಯಿ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುತ್ತಾರೆ, ಹಾಗಾಗಿ ಮಾರಿದ್ದು ಇಲಾಖೆಗೆ ಆಗಲೇ ಗೊತ್ತಾಗಿರುತ್ತದೆ. ಈ ವ್ಯಾಪಾರ ನಡೆಸುವ ವಿನಿಮಯ ಕೇಂದ್ರಗಳು ಗ್ರಾಹಕರ ಗುರುತಿನ ದಾಖಲೆ ಇಟ್ಟುಕೊಂಡು, ಕೇಳಿದಾಗ ಕೊಡಬೇಕು. ಉಡುಗೊರೆಯಾಗಿ ಬಂದದ್ದಾದರೆ, ಕೊಟ್ಟವರು ಎಷ್ಟಕ್ಕೆ ಕೊಂಡಿದ್ದರೋ ಅದೇ ಪಡೆದವರ ಕೊಂಡ ಬೆಲೆ.

ಆ ಬೆಲೆಯನ್ನು ಹುಡುಗಿ ಫೋನಿನಲ್ಲಿ ಹೇಳಿದಳು. "ಬಾಣಾವರದ ಮಾವನ ಮನೇಲಿ ಕೇಳಿ ಹೇಳ್ತಿದೀನಿ ಆಂಟಿ" ಎಂದಳು. ಕೊಂಡ ರಸೀತಿ ತರಿಸಿ ನೋಡಬೇಕಿತ್ತು, ನೋಡಲಿಲ್ಲ. ಜುಲೈ ತಿಂಗಳ ಕೊನೆಯ ವಾರದ ನೂಕುನುಗ್ಗಲು ಎಂದು ಈಗ ನೆಪ ಹೇಳಬಹುದು. ರಿಟರ್ನ್ ಹಾಕಿ ಮೂವತ್ತರ ಲೆಕ್ಕದಲ್ಲಿ ತೆರಿಗೆ ಕಟ್ಟಿಸಿ ನಿಶ್ಚಿಂತೆಯಾಗಿ ಕೂತೆ.

ಆ ರಿಟರ್ನ್ ಪರಿಶೀಲನೆಗೆ ಆಯ್ಕೆಯಾಯಿತು. ಈಗ ಅದೆಲ್ಲ ಮುಖ ನೋಡದೆ ನಡೆಯುತ್ತದೆ. ಅಧಿಕಾರಿ ಯಾವ ಊರಿನಲ್ಲಿ ಕೂತಿದ್ದಾರೋ ನಮಗೆ ತಿಳಿಯದು, ಮಾತೆಲ್ಲ ಪೋರ್ಟಲ್ ಮೂಲಕ. ಮೊದಲ ಪ್ರಶ್ನೆ ಸರಳವಾಗಿತ್ತು: ಈ ಆಸ್ತಿ ಎಲ್ಲಿಂದ ಬಂತು, ಕೊಟ್ಟವರು ಯಾರು, ಸಂಬಂಧವೇನು? ನಾನು ಒಂದೇ ದಿನದಲ್ಲಿ ಉತ್ತರಿಸಿದೆ. ಕೊಟ್ಟವರು ತಾಯಿಯ ಸ್ವಂತ ಅಣ್ಣ, ಕಾಯ್ದೆಯ ಪ್ರಕಾರ ಸೋದರಮಾವ 'ಸಂಬಂಧಿ', ಸಂಬಂಧಿ ಕೊಟ್ಟ ಉಡುಗೊರೆಗೆ ತೆರಿಗೆಯಿಲ್ಲ. ಲಗ್ನಪತ್ರಿಕೆ ಲಗತ್ತಿಸಿದೆ. ನನ್ನ ಕಿವಿಯಾರೆ ಕೇಳಿದ್ದೆನಲ್ಲ, ಅನುಮಾನವೇ ಬರಲಿಲ್ಲ.

ಮೂರು ವಾರಕ್ಕೆ ಷೋಕಾಸ್ ನೋಟಿಸು ಬಂತು. ಬಿಟ್‌ಕಾಯಿನ್ ಹೊರಟ ಖಾತೆಯ ದಾಖಲೆಯನ್ನು ಇಲಾಖೆ ನೇರವಾಗಿ ವಿನಿಮಯ ಕೇಂದ್ರದಿಂದಲೇ ತರಿಸಿಕೊಂಡಿತ್ತು. ಖಾತೆ ಸೋದರಮಾವನದಲ್ಲ, ಅವರ ಮಗನದು. ಆದ್ದರಿಂದ ನಮ್ಮ ಉತ್ತರ ಸುಳ್ಳು, ಉಡುಗೊರೆಯ ಕತೆ ನಂಬಲರ್ಹವಲ್ಲ, ಬಿಟ್‌ಕಾಯಿನ್ನಿನ ಪೂರ್ತಿ ಬೆಲೆಯನ್ನು ಮೂಲ ಹೇಳಲಾಗದ ಆಸ್ತಿ ಎಂದು ಯಾಕೆ ಪರಿಗಣಿಸಬಾರದು? ಏಳು ದಿನದೊಳಗೆ ಉತ್ತರಿಸಿ. ಹಾಗೆ ಪರಿಗಣಿಸಿದರೆ ನೂರಕ್ಕೆ ಅರವತ್ತು ತೆರಿಗೆ, ಮೇಲೆ ಸರ್‌ಚಾರ್ಜ್, ಸೆಸ್. ಎಲ್ಲ ಸೇರಿ ಎಪ್ಪತ್ತೆಂಟು. ದಂಡ ಬೇರೆ. ಹುಡುಗಿ ಯಂತ್ರಗಳನ್ನು ಮಾರಿ ಕಟ್ಟಬೇಕಾಗುತ್ತಿತ್ತು. ನೋಟಿಸನ್ನು ಎರಡು ಸಲ ಓದಿದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ಮರುದಿನ ಬೆಳಿಗ್ಗೆ ಹುಡುಗಿ ಬೇಲೂರಿನಿಂದ ಬಂದಳು, ಬಾಣಾವರದಿಂದ ಸೋದರಮಾವ ಮತ್ತು ಅವರ ಮಗ ಬಂದರು. ಮಗ ಕೊಬ್ಬರಿ ವ್ಯಾಪಾರದಲ್ಲಿ ಅಪ್ಪನ ಜೊತೆಗಿದ್ದಾನೆ, ಬಿಡುವಿನಲ್ಲಿ ಕ್ರಿಪ್ಟೋ. ಸೋದರಮಾವ ಕೂರುವ ಮೊದಲೇ ಜೇಬಿನಿಂದ ಛಾಪಾ ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ನಾನೇ ಕೊಟ್ಟೆ ಅಂತ ಬರ್ಕೊಡ್ತೀನಿ ಕಣಮ್ಮ. ಎಲ್ಲಿಗ್ ಬೇಕಾದ್ರೂ ಬಂದು ಹೇಳ್ತೀನಿ. ನನ್ ಮಗ ಕೊಟ್ರೇನು, ನಾನ್ ಕೊಟ್ರೇನು, ಒಂದೇ ಮನೆ ಅಲ್ವಾ?"

"ಕಾಯ್ದೆಗೆ ಒಂದೇ ಅಲ್ಲ. ನೀವು ಈ ಹುಡುಗಿಗೆ ಸಂಬಂಧಿ. ನಿಮ್ಮ ಮಗ ಸಂಬಂಧಿ ಅಲ್ಲ" ಎಂದೆ.

"ಅಂಗಂದ್ರೆ? ಮಾವನ್ ಮಗ ಇವ್ಳಿಗೆ ಏನೂ ಆಗ್ಬೇಕಿಲ್ವಾ?"

"ಆದಾಯ ತೆರಿಗೆಯ ಪ್ರಕಾರ ಏನೂ ಆಗಬೇಕಿಲ್ಲ."

ಅವರು ಮಗನ ಕಡೆ ನೋಡಿದರು, ಹುಡುಗಿಯ ಕಡೆ ನೋಡಿದರು. "ಆ ಕಾಯ್ದೆ ಬರ್ದೋನಿಗೆ ಅತ್ತೆ ಮಕ್ಳು, ಮಾವನ್ ಮಕ್ಳು ಯಾರೂ ಇರ್ನಿಲ್ವೇನೋ ಪಾಪ" ಎಂದರು.

ಅಷ್ಟು ಸಂಕಟದಲ್ಲೂ ನಗು ಬಂತು. ಆದರೆ ಮಾತು ಅಲ್ಲಿಗೇ ಬಂದು ನಿಂತಿತ್ತು. ಸೋದರಮಾವನ ಉಡುಗೊರೆ ಯಾವಾಗ ಕೊಟ್ಟರೂ ತೆರಿಗೆಯಿಲ್ಲ. ಅವರ ಮಗನದಾದರೆ, ಮದುವೆಯ ಸಂದರ್ಭದಲ್ಲಿ ಕೊಟ್ಟದ್ದು ಎಂದು ತೋರಿಸಿದರೆ ಮಾತ್ರ ತೆರಿಗೆಯಿಲ್ಲ. ಛಾಪಾ ಕಾಗದದ ದಾರಿ ಸಲೀಸು. ಮಗನ ಖಾತೆಯ ಮೂಲಕ ತಂದೆ ಕೊಟ್ಟದ್ದು ಎಂದು ನಾಲ್ಕು ಸಾಲು ಬರೆದರೆ ನನ್ನ ಮೊದಲ ಉತ್ತರವೂ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಕಾಗದವನ್ನು ಕೈಗೆತ್ತಿಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ.

"ನೀವು ದುಡ್ಡು ಕೊಟ್ಟು ಕೊಂಡಿದ್ರಾ ಇದನ್ನ?" ಎಂದು ಕೇಳಿದೆ.

"ಇಲ್ಲ ಕಣಮ್ಮ, ಸುಳ್ ಯಾಕೇಳ್ಲಿ. ಸರ ಮಾಡ್ಸೋಣ ಅಂದೆ. ಇವ್ನೇ, ಬ್ಯಾಡ ಅಪ್ಪ, ನನ್ ದುಡ್ಡಲ್ಲಿ ಕೊಂಡಿರೋದು ಐತೆ, ಅದ್ನೇ ಕೊಡೋಣ ಅಂದ. ಅದು ಕಣ್ಣಿಗ್ ಕಾಣ್ತದಾ ಅಂತ ಕೇಳ್ದೆ. ಇಲ್ಲ ಅಂದ."

ಛಾಪಾ ಕಾಗದವನ್ನು ಮಡಿಸಿ ಅವರಿಗೇ ವಾಪಸು ಕೊಟ್ಟೆ. ಅವರೆದುರಿಗೇ ಉತ್ತರ ಬರೆಯಲು ಕೂತೆ. "ನಮ್ಮ ಮೊದಲ ಉತ್ತರದಲ್ಲಿ ಕೊಟ್ಟವರ ಹೆಸರು ತಪ್ಪಾಗಿದೆ. ತಪ್ಪು ತೆರಿಗೆದಾರರದಲ್ಲ, ಪ್ರತಿನಿಧಿಯಾದ ನನ್ನದು. ಕೊಟ್ಟವರು ಸೋದರಮಾವನ ಮಗ. ಕೊಟ್ಟದ್ದು ಮದುವೆಯ ವೇದಿಕೆಯ ಮೇಲೆ. ದಾಖಲೆಗಳೊಂದಿಗೆ ವಿಡಿಯೊ ವಿಚಾರಣೆಗೆ ಅವಕಾಶ ಕೊಡಿ."

ಹುಡುಗಿಯ ಮುಖ ಸಣ್ಣಗಾಯಿತು. "ಆಂಟಿ, ತಪ್ಪು ಅಂತ ಒಪ್ಕೊಂಡ್ರೆ ಇನ್ನೂ ಸಿಕ್ಕಾಕೊಳ್ಳಲ್ವಾ?"

"ಸಿಕ್ಕಿಹಾಕಿಕೊಳ್ಳುವವಳು ನಾನು ತಾನೇ, ಇರಲಿ" ಎಂದೆ. ಧೈರ್ಯದ ಮಾತೇನೋ ಆಡಿದೆ, ಕಳಿಸುವ ಗುಂಡಿ ಒತ್ತುವ ಮೊದಲು ಬರೆದದ್ದನ್ನು ಮೂರು ಸಲ ಓದಿದೆ. ವಿಚಾರಣೆಗೆ ಹತ್ತು ದಿನದ ಗಡುವು ಸಿಕ್ಕಿತು. ಮಾವನ ಮಗನಿಂದ, ಕೊನೆಗೂ, ಕೊಂಡ ರಸೀತಿ ತರಿಸಿ ನೋಡಿದೆ. ಪುಣ್ಯಕ್ಕೆ ಅಂಕಿ ತಾಳೆಯಾಯಿತು.

ಈಗ ಎರಡು ಸಂಗತಿ ತೋರಿಸಬೇಕಿತ್ತು. ಒಂದು, ಅದು ಮದುವೆಯ ಹೊತ್ತಿನಲ್ಲೇ ಕೈ ಬದಲಾಯಿತು. ಎರಡು, ಕೊಟ್ಟವನು ಮಗ, ಆದರೂ ಮೈಕಿನಲ್ಲಿ ಕೂಗಿದ್ದು ಅಪ್ಪನ ಹೆಸರು, ಯಾಕೆ? ಎರಡನೆಯದನ್ನು ನಮ್ಮೂರಿನ ಮೂರನೇ ಕ್ಲಾಸಿನ ಮಗುವೂ ಹೇಳುತ್ತದೆ. ಮುಯ್ಯಿ ಕೂಗುವುದು ಯಜಮಾನರ ಹೆಸರಿನಲ್ಲಿ. ಆದರೆ ದೇಶದ ಇನ್ಯಾವುದೋ ಮೂಲೆಯಲ್ಲಿ ಕೂತ ಅಧಿಕಾರಿಗೆ ಅದನ್ನು ಕಾಗದದಲ್ಲಿ ತೋರಿಸುವುದು ಹೇಗೆ?

ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಹಳೇಬೀಡಿಗೆ ಹೋದೆ. ಗೆಳತಿಯ ಮನೆಯಲ್ಲಿ ಮದುವೆಯ ವಿಡಿಯೊ ಹಾಕಿಸಿದೆ. ಧಾರೆಯವರೆಗೆ ಚೆನ್ನಾಗಿತ್ತು. ಮುಯ್ಯಿ ಶುರುವಾದದ್ದೇ ತಡ, ಮೇಷ್ಟ್ರ ಬಾಯಿ ಆಡುತ್ತದೆ, ಕೇಳುವುದು ಮಾತ್ರ ಸಿನಿಮಾ ಹಾಡು! ಮುಯ್ಯಿಯ ಭಾಗಕ್ಕೆ ಹಾಡು ಹಾಕುವುದು ಎಲ್ಲ ಸ್ಟುಡಿಯೋದವರ ಪದ್ಧತಿ. ಅದೂ ಎರಡು ನಿಮಿಷಕ್ಕೆ ಕತ್ತರಿಸಿದ್ದು. ತಲೆ ಕೆಟ್ಟು ಅದೇ ಬಸ್ಸಿನ ದಾರಿಯಲ್ಲಿ ಮುಂದೆ ಬೇಲೂರಿಗೆ, ಆ ವಿಡಿಯೊ ತೆಗೆದ ಸ್ಟುಡಿಯೋಗೆ ಹೋದೆ.

ಸ್ಟುಡಿಯೋದವನು ನನ್ನ ಗಾಬರಿ ನೋಡಿ ನಕ್ಕ. "ಮೂಲ ರೆಕಾರ್ಡಿಂಗ್ ಐತೆ ಮೇಡಂ. ಮಗು ನಾಮಕರಣ ಆಗೋವರ್ಗೂ ನಾನು ಯಾರದ್ದೂ ಅಳಿಸಲ್ಲ. ನಾಮಕರಣದ ಆರ್ಡರ್ ಕೊಡಕ್ ಬಂದಾಗ ಹಳೇದು ಹಾಕಿ ತೋರಿಸ್ತೀನಿ, ಖುಷಿಯಾಗಿ ಇನ್ನೊಂದ್ ಆಲ್ಬಂ ಮಾಡಿಸ್ತಾರೆ."

ಅವನ ಈ ವ್ಯಾಪಾರಬುದ್ಧಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಹಾಡಿಲ್ಲದ, ಕತ್ತರಿ ಬೀಳದ ನಾಲ್ಕು ಗಂಟೆಯ ರೆಕಾರ್ಡಿಂಗನ್ನು ಅಲ್ಲೇ ಸ್ಟೂಲಿನ ಮೇಲೆ ಕೂತು ನೋಡಿದೆ. ವೇದಿಕೆಯಲ್ಲಿ ಹುಡುಗಿ ಗೋರಂಟಿ ಕೈಯಲ್ಲಿ ಫೋನು ಹಿಡಿದಿದ್ದಾಳೆ. ಮಾವನ ಮಗ ತನ್ನ ಫೋನನ್ನು ಅದರ ಮುಂದೆ ಹಿಡಿದು ಏನೋ ಒತ್ತುತ್ತಾನೆ. ಹಿಂದೆ ನಿಂತ ಸೋದರಮಾವ ಅಕ್ಷತೆ ಹಾಕುತ್ತಾರೆ. ಮೇಷ್ಟ್ರು ಕೂಗುತ್ತಾರೆ. ಛತ್ರದ ಗೋಡೆ ಗಡಿಯಾರ ಎಂದಿನಂತೆ ನಿಂತಿತ್ತು. ಆದರೆ ಕ್ಯಾಮೆರಾದ ಗಡಿಯಾರ ಹನ್ನೊಂದೂ ಇಪ್ಪತ್ತೆರಡು ತೋರಿಸುತ್ತಿತ್ತು.

ಸಿಕ್ಕಿತು ಎಂದು ಏಳುವವಳಿದ್ದೆ. ಅಷ್ಟರಲ್ಲಿ ಪರದೆಯ ಮೇಲೆ ಹಸಿರು ಸೀರೆಯ ನಾನೇ ಬಂದೆ. ಮೇಜಿನ ಮೇಲೆ ಅಂಟಿಸಿದ್ದ ಕ್ಯೂಆರ್ ಚೀಟಿಗೆ ಫೋನು ಹಿಡಿದು ಮುಯ್ಯಿ ಹಾಕಿದೆ. ಮೇಷ್ಟ್ರು ಕೂಗಿದ ಹೆಸರು ನನ್ನದಲ್ಲ, ನನ್ನ ಗಂಡನದೂ ಅಲ್ಲ. ಗಂಡನ ತಂದೆಯದು. ಅವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಮೊದಲು ಜೋರಾಗಿ ನಗು ಬಂತು. ಆಮೇಲೆ ನೋವಾಯಿತು. ನನ್ನ ದುಡಿಮೆಯ ಹಣ, ನನ್ನ ಗೆಳತಿಯ ಮಗಳು, ನಾನೇ ಎದುರು ನಿಂತಿದ್ದೇನೆ, ಹೆಸರು ಮಾತ್ರ ಸತ್ತವರದು. ಮದುವೆಯ ದಿನ ಅದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ, ಅಷ್ಟು ಅಭ್ಯಾಸವಾಗಿತ್ತು. ಆದರೆ ನನಗೆ ಬೇಕಾದ ಸಾಕ್ಷಿ ಅದೇ ಆಗಿತ್ತು. ಆವತ್ತು ಕ್ಯೂಆರ್ ಚೀಟಿಗೆ ಹಾಕಿದವರ ನಿಜವಾದ ಹೆಸರುಗಳು ಹುಡುಗಿಯ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಾಲಾಗಿ ಇದ್ದವು. ಅವನ್ನು ಮೈಕಿನ ಹೆಸರುಗಳ ಪಕ್ಕ ಇಟ್ಟು ನೋಡಿದೆ. ಬಿಕ್ಕೋಡಿನ ಒಬ್ಬ ನರ್ಸ್ ಹಾಕಿದ್ದಕ್ಕೆ ಅವಳ ಗಂಡನ ಹೆಸರು, ಅರೇಹಳ್ಳಿಯ ಇಬ್ಬರು ತಮ್ಮಂದಿರು ಹಾಕಿದ್ದಕ್ಕೆ ಅಣ್ಣನ ಹೆಸರು, ಮಗಳು ಹಾಕಿದ್ದಕ್ಕೆ ಅಪ್ಪನ ಹೆಸರು. ಇಡೀ ಛತ್ರದಲ್ಲಿ ಒಬ್ಬ ಹೆಣ್ಣಿನ ಹೆಸರೂ ಕೂಗಿರಲಿಲ್ಲ.

ಮರುದಿನ ಮೇಷ್ಟ್ರ ಮನೆಗೆ ಹೋದೆ. ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ಸಂಗತಿ ಹೇಳಿ, ಈ ರೂಢಿಯ ಬಗ್ಗೆ ಒಂದು ಪತ್ರ ಬರೆದುಕೊಡಿ ಎಂದು ಕೇಳಿದೆ.

"ಕೊಟ್ಟೋನು ಯಾರಾದ್ರೂ ಆಗ್ಲಿ ಕಣಮ್ಮ, ಮುಯ್ಯಿ ಮನೇದು. ಮನೆ ಅಂದ್ಮೇಲೆ ಯಜಮಾನ್ರ ಹೆಸ್ರು. ನಮ್ಮಪ್ಪನೂ ಅಂಗೇ ಕೂಗ್ತಿದ್ರು, ನಾನೂ ಅಂಗೇ ಕೂಗ್ತೀನಿ."

"ಯಜಮಾನರು ತೀರಿಹೋಗಿದ್ದರೆ?"

"ತೀರ್ಹೋದ್ರೆ ಮನೆ ತೀರ್ಹೋಗ್ತದಾ?"

"ನಮ್ಮ ಮನೆಯ ಯಜಮಾನಿಕೆ ಹನ್ನೊಂದು ವರ್ಷದಿಂದ ನಾನು ನಡೆಸ್ತಿದೀನಿ ಮೇಷ್ಟ್ರೇ. ಆವತ್ತು ನಿಮ್ಮೆದುರಿಗೇ ನಿಂತು ಕೊಟ್ಟೆ. ಆ ಹೆಸರನ್ನ ನೀವು ಎಲ್ಲಿಂದ ತಂದ್ರಿ?" ದನಿ ಸ್ವಲ್ಪ ಏರಿಯೇ ಇತ್ತು. ಕೇಳಬೇಕೆಂದು ಹೋಗಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಅವರು ಪೇಪರು ಮಡಿಸಿಟ್ಟರು. ಆಮೇಲೆ ಮೊಮ್ಮಗಳನ್ನು ಕರೆದು ಗೆರೆ ಹಾಕಿದ ಹಾಳೆ ತರಿಸಿ, ಎರಡು ಪುಟ ತುಂಬ ದುಂಡಗೆ ಬರೆದುಕೊಟ್ಟರು. ಕೂಗುವುದು ಯಜಮಾನರ ಹೆಸರು, ಕೊಡುವವರು ಮನೆಯ ಯಾರಾದರೂ ಆಗಬಹುದು, ತಾನು ಎಂದೂ ಕೊಟ್ಟವರ ಹೆಸರು ವಿಚಾರಿಸಿದ್ದಿಲ್ಲ ಎಂದು ಅದರಲ್ಲಿತ್ತು. ನಾನು ಅದನ್ನು ಇಂಗ್ಲಿಷಿಗೆ ತಂದು, ಹೆಸರುಗಳ ಪಟ್ಟಿ, ವಿಡಿಯೊದಿಂದ ತೆಗೆದ ಚಿತ್ರಗಳ ಜೊತೆ ಲಗತ್ತಿಸಿದೆ. ವಿಡಿಯೊವನ್ನು ಪೋರ್ಟಲ್ ತೆಗೆದುಕೊಳ್ಳಲಿಲ್ಲ. ಅದನ್ನು ವಿಚಾರಣೆಯಲ್ಲೇ ತೋರಿಸಬೇಕಿತ್ತು.

ವಿಚಾರಣೆಯ ದಿನ ಬೆಳಿಗ್ಗೆ ಹತ್ತೂವರೆಗೆ ಕರೆಂಟು ಹೋಯಿತು. ಕೆಳಗಿನ ಬೇಕರಿಯವರ ಜನರೇಟರಿನಿಂದ ವೈರು ಎಳೆಸಿಕೊಂಡೆವು. ಹುಡುಗಿ ಮತ್ತು ಮಾವನ ಮಗ ನನ್ನ ಎರಡು ಪಕ್ಕ ಕೂತರು. ಹನ್ನೊಂದಕ್ಕೆ ಪರದೆಯಿಂದ ಒಬ್ಬ ಹೆಂಗಸಿನ ದನಿ ಬಂತು. ಮುಖ ಕಾಣಿಸಲಿಲ್ಲ. ಇಂಗ್ಲಿಷಿನಲ್ಲಿ ಹಿಂದಿಯ ಎಳೆ ಇತ್ತು.

"ಮೊದಲು ಒಂದು ಹೆಸರು ಹೇಳಿದಿರಿ, ಈಗ ಇನ್ನೊಂದು. ಈಗಿನದನ್ನು ಯಾಕೆ ನಂಬಬೇಕು?" ನೇರವಾಗಿ ಅಲ್ಲಿಗೇ ಬಂದರು.

ನಾನು ವಿಡಿಯೊ ಹಾಕಿದೆ. ಫೋನಿಗೆ ಫೋನು ಹಿಡಿದ ಜಾಗದಲ್ಲಿ ನಿಲ್ಲಿಸಿ, ಮೂಲೆಯ ಸಮಯ ತೋರಿಸಿದೆ.

"ನಿಮ್ಮ ವಿಡಿಯೊದಲ್ಲಿ ಹನ್ನೊಂದೂ ಇಪ್ಪತ್ತೆರಡು. ಬ್ಲಾಕ್‌ಚೈನ್ ದಾಖಲೆಯಲ್ಲಿ ಈ ವರ್ಗಾವಣೆ ಆಗಿರುವುದು ಬೆಳಗಿನ ಐದೂ ಐವತ್ತೆರಡಕ್ಕೆ. ಮದುವೆಗೂ ಮೊದಲೇ ಕಳಿಸಿ, ವೇದಿಕೆಯಲ್ಲಿ ನಟಿಸಿದರೇ?"

ಹುಡುಗಿ ನನ್ನ ಮೊಣಕೈ ಹಿಡಿದುಕೊಂಡಳು. ಮಾವನ ಮಗ ಮಾತ್ರ ಮೆಲ್ಲಗೆ ನನ್ನ ಕಡೆ ವಾಲಿ, "ಅದು ಲಂಡನ್ ಟೈಮು ಮೇಡಂ" ಎಂದ.

ಬಿಟ್‌ಕಾಯಿನ್ ಕೈ ಬದಲಾದದ್ದನ್ನೆಲ್ಲ ಬರೆದಿಡುವ ಈ ಬ್ಲಾಕ್‌ಚೈನ್ ಪ್ರಪಂಚಕ್ಕೆಲ್ಲ ಒಂದೇ ದಾಖಲೆ, ಅದಕ್ಕೆ ಒಂದೇ ಕಾಲಮಾನ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. "ಮೇಡಂ, ದಯವಿಟ್ಟು ಐದೂ ಐವತ್ತೆರಡಕ್ಕೆ ಐದೂವರೆ ಗಂಟೆ ಕೂಡಿಸಿ" ಎಂದೆ.

ಆ ಕಡೆ ಕೀಲಿಮಣೆಯ ಸದ್ದು. "ಹನ್ನೊಂದೂ ಇಪ್ಪತ್ತೆರಡು" ಎಂದು ಅವರೇ ಹೇಳಿದರು. ಒಂದು ನಿಮಿಷದ ವ್ಯತ್ಯಾಸವೂ ಇರಲಿಲ್ಲ. ಎದ್ದು ಕುಣಿಯಬೇಕೆನಿಸಿತು. ಕುರ್ಚಿಯ ಕೈ ಹಿಡಿದು ಕೂತೆ.

"ಸರಿ. ಹೆಸರು ಯಾಕೆ ತಂದೆಯದು?"

ವಿಡಿಯೊ ಮುಂದಕ್ಕೆ ಓಡಿಸಿ ಹಸಿರು ಸೀರೆಯ ಬಳಿ ನಿಲ್ಲಿಸಿದೆ. "ಈ ಹೆಂಗಸು ನಾನೇ. ಈಗ ಕೂಗಿದ ಹೆಸರು ನನ್ನ ಗಂಡನ ತಂದೆಯದು. ಅವರು ತೀರಿಕೊಂಡು ಹನ್ನೊಂದು ವರ್ಷ, ಮರಣಪತ್ರ ಲಗತ್ತಿನಲ್ಲಿದೆ. ಹಣ ಹೋಗಿರುವುದು ನನ್ನ ಖಾತೆಯಿಂದ, ಸ್ಟೇಟ್‌ಮೆಂಟ್ ಅದರ ಪಕ್ಕದಲ್ಲಿದೆ. ಮೈಕಿನ ಹೆಸರೇ ಸತ್ಯವಾದರೆ, ಆವತ್ತು ಸತ್ತವರೊಬ್ಬರು ಮುಯ್ಯಿ ಮಾಡಿದ್ದಾರೆ ಎಂದು ಇಲಾಖೆ ಬರೆಯಬೇಕಾಗುತ್ತದೆ. ನಾನು ಮೊದಲು ತಪ್ಪು ಬರೆದದ್ದೂ ಆ ಮೈಕನ್ನು ನಂಬಿಯೇ."

ಪರದೆಯಿಂದ ಸಣ್ಣದಾಗಿ ನಗು ಕೇಳಿಸಿತು. ಆ ದನಿಯ ಬಿಗಿ ಸಡಿಲವಾಯಿತು. "ನಮ್ಮ ಕಡೆ ಲಕೋಟೆಯಲ್ಲಿ ಕೊಡುತ್ತೇವೆ. ಸಂಬಳ ನನ್ನದು. ಲಕೋಟೆಯ ಮೇಲೆ ಇವತ್ತಿಗೂ ಮಾವನವರದೇ ಹೆಸರು" ಎಂದರು. ತಕ್ಷಣ ಮತ್ತೆ ಅಧಿಕಾರಿಯಾಗಿ, "ಪಟ್ಟಿಯ ಇನ್ನೂ ಐದು ಸಾಲು ತೋರಿಸಿ" ಎಂದರು. ತೋರಿಸಿದೆ. ಬಿಕ್ಕೋಡಿನ ನರ್ಸಮ್ಮನ ಸಾಲನ್ನು ಎರಡು ಸಲ ಕೇಳಿದರು.

ಹದಿನೆಂಟನೆಯ ದಿನ ಆದೇಶ ಬಂತು. ಉಡುಗೊರೆ ಮದುವೆಯ ಸಂದರ್ಭದಲ್ಲಿ ಬಂದದ್ದೆಂದು ಸಾಬೀತಾಗಿದೆ, ಸಲ್ಲಿಸಿದ ಆದಾಯವನ್ನು ಹಾಗೆಯೇ ಒಪ್ಪಲಾಗಿದೆ, ಬಾಕಿ ಬೇಡಿಕೆ ಇಲ್ಲ. ಕಟ್ಟಬೇಕಾದ ಮೂವತ್ತನ್ನು ಕಟ್ಟಿದ್ದೆವು, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ. ಹುಡುಗಿಗೆ ಫೋನು ಮಾಡಿದರೆ ಅವಳು ಯಾರದೋ ಮಂಡಿಗೆ ಯಂತ್ರ ಹಚ್ಚುತ್ತಿದ್ದಳು. "ಆಂಟಿ!" ಎಂದು ಕಿರುಚಿದ ರಭಸಕ್ಕೆ ಆ ರೋಗಿ ಎದ್ದು ಕೂತರಂತೆ. ನಾನು ಕೆಳಗಿಳಿದು ಬೇಕರಿಯಲ್ಲಿದ್ದವರಿಗೆಲ್ಲ ದಿಲ್‌ಪಸಂದ್ ಕೊಡಿಸಿದೆ. ಯಾಕೆ ಎಂದು ಕೇಳಿದವರಿಗೆ ಸತ್ತವರ ಮುಯ್ಯಿಯ ಕತೆ ಹೇಳಿದೆ. ಒಂದು ವಾರದಲ್ಲಿ ಅದು ಹಳೇಬೀಡಿನವರೆಗೂ ಹೋಗಿತ್ತು.

ಮುಂದಿನ ವೈಶಾಖದಲ್ಲಿ ಬಾಣಾವರದಲ್ಲಿ ಮಾವನ ಮಗನ ಮದುವೆ. ಮುಯ್ಯಿ ಕೂಗಲು ಮೇಷ್ಟ್ರನ್ನೇ ಕರೆಸಿದ್ದರು. ವಿಡಿಯೊಗೆ ಬೇಲೂರಿನ ಅದೇ ಸ್ಟುಡಿಯೋ. ಸಾಲಿನಲ್ಲಿ ನನ್ನ ಸರದಿ ಬಂತು. ಕ್ಯೂಆರ್ ಚೀಟಿಗೆ ಫೋನು ಹಿಡಿದೆ. ಮೇಷ್ಟ್ರು ನನ್ನನ್ನು ನೋಡಿದರು, ಕನ್ನಡಕ ಏರಿಸಿದರು. ಯಾವ ಚೀಟಿಯನ್ನೂ ನೋಡದೆ ನನ್ನ ಹೆಸರನ್ನು, ನನ್ನದೊಂದನ್ನೇ, ಛತ್ರದ ಮಾಡು ಹಾರಿಹೋಗುವ ಹಾಗೆ ಕೂಗಿದರು. "ಅರಸೀಕೆರೆಯೋರು. ಮನೆ ಯಜಮಾನರು!" ಎಂದು ಸೇರಿಸಿದರು.

ಪಂಕ್ತಿಯಲ್ಲಿ ತಲೆಗಳು ತಿರುಗಿದವು. ನನ್ನ ಹಿಂದೆ ನಿಂತಿದ್ದ ಬಿಕ್ಕೋಡಿನ ನರ್ಸಮ್ಮ, "ಮೇಷ್ಟ್ರೇ, ನಂದೂ ಅಂಗೇ ಕೂಗ್ಬೇಕು" ಎಂದಳು. ನನಗೆ ಕಣ್ಣು ತುಂಬಿ ಬಂತು. ವೇದಿಕೆ ಇಳಿದವಳೇ ಸೀದಾ ಕ್ಯಾಮೆರಾದವನ ಹತ್ತಿರ ಹೋಗಿ ಹೇಳಿದೆ:

"ನೋಡಪ್ಪ, ಈ ಭಾಗಕ್ಕೆ ಮಾತ್ರ ಹಾಡು ಹಾಕಬೇಡ."